ಮೂಗಿನ ಡ್ಯೂಟಿ

ಹಾಜರಿ ಪುಸ್ತಕದಾಗ ನಾನು ವೈರ್‌ಮನ್ ಹುಸೇನಪ್ಪ.
ಖರೇ ಅಂದ್ರ, ಈ ದವಾಖಾನಿ ಪಗಾರ ಕೊಡೋದು
ನನ್ನ ಮೂಗಿಗೆ.

ಮೊದಲ ಹನ್ನೆರಡು ವರ್ಷ ಹತ್ತಿ ಮಿಲ್ಲಿನಾಗಿದ್ದೆ,
ರಾಯಚೂರು ಗಂಜ್ ಹಿಂದಿನ ಜಿನ್ನಿಂಗು.
ಗೇಟಿನಾಗ ಬೀಡಿ, ಕಡ್ಡಿಪೆಟ್ಟಿಗಿ ಕಸಗೊಂಡು
ಎಣಿಸಿ ಇಟ್ಟುಕೊಳ್ತಿದ್ದ ಮುಕದ್ದಮ ಮೌಲಾಸಾಬ.
ಅಂಡಿಗಿಯೊಳಗ ಮೊಣಕೈತನಕ ಕೈ ತುರುಕಿ
ಕಣ್ಣು ಮುಚ್ಚಿ ನಿಲ್ತಿದ್ದ,
ಬಸುರಿ ಹೊಟ್ಟಿ ಮುಟ್ಟಿ ನೋಡೋ ಸೂಲಗಿತ್ತಿ ಹಂಗ.
"ಬೆಂಕಿ ಏಳೂಕಿಂತ ಮೊದಲು ಮಲಗಿರತೈತಿ ತಮ್ಮಾ,
ಹತ್ತಿಯೊಳಗ ಮೂರು ದಿನ ಮಲಗತೈತಿ.
ಎದ್ದ ಮ್ಯಾಲೆ ಊರೆಲ್ಲಾ ನೋಡತೈತಿ.
ಮಲಗಿದ್ದಾಗ ಹುಡುಕೋದು ನಮ್ಮ ಕೆಲಸ."

ಮಿಲ್ಲು ಮುಚ್ಚಿತು. ಇಲ್ಲಿಗೆ ಬಂದೆ.
ಇಲ್ಲೂ ಅದ ಹತ್ತಿ, ನೀಲಿ ಕಾಗದ ಸುತ್ತಿದ ಉರುಳಿ,
ಪಕ್ಕದಾಗ ಸ್ಪಿರಿಟ್ಟಿನ ಕ್ಯಾನು,
ಮತ್ತ ಆಕ್ಸಿಜನ್: ಕಾಣೋದಿಲ್ಲ, ನಾರೋದಿಲ್ಲ,
ಚಾದರದಾಗ, ಕೂಸಿನ ಕುಂಚಿಗಿಯಾಗ
ಇಂಗಿ ಸುಮ್ಮನ ಕೂಡತೈತಿ.
ಗೇಟಿನಾಗ ಬೀಡಿ ಕೇಳೋರಿಲ್ಲ.

ಗೋಡಿ ಪ್ಲಗ್ಗಿಗೊಂದು ಎಕ್ಸ್‌ಟೆನ್ಷನ್ನು,
ಅದಕ್ಕೊಂದು ಮರಿ, ಮರಿಗೊಂದು ಮೊಮ್ಮರಿ.
ವಾರ್ಮರು, ಪಂಪು, ಕಾಮಾಲಿ ಕೂಸಿನ ನೀಲಿ ದೀಪ,
ಯಾರದೋ ಮಾವನ ಮೊಬೈಲು.
ಯುಗಾದಿಗೆ ಹಚ್ಚಿದ ಏಸಿ ಇನ್ನೂ ಆರಿಸಿಲ್ಲ.
ಮನುಷ್ಯಾಗಾದ್ರ ಎಂಟು ತಾಸಿಗೆ ರಿಲೀವರ್ ಬರ್ತಾನ,
ವೈರಿಗೆ ಬರೂದಿಲ್ಲ.

ಬೆಂಕಿ ಆರಿಸೋ ಕೆಂಪು ಸಿಲಿಂಡರು? ಐತ್ರಿ.
ಔಷಧ ಕೋಣಿ ಬಾಗಿಲು ಬಡಕೊಳ್ಳಬಾರದಂತ
ಅಡ್ಡ ಇಟ್ಟಾರ.
ಆಯುಧಪೂಜಿ ಕುಂಕುಮ ಹಚ್ಚಿದ್ದು
ಸರಿಯಾಗಿ ಮುಗಿದ ತಾರೀಖಿನ ಮ್ಯಾಲೆ.

ಮಾನ್ವಿ ಕಡೆಯ ಒಬ್ಬ ಮುದುಕಿ,
ಮೊಮ್ಮಗಳಿಗೆ ದೃಷ್ಟಿ ಆಗೈತಂತ
ಮಣ್ಣಿನ ಬಟ್ಟಲದಾಗ ಕೆಂಡ ತಂದಿದ್ದಳು,
ಸೆರಗಿನ ಮರಿಗೆ, ಲೋಬಾನ ಹಾಕಾಕ.
ಸಿಸ್ಟರ್ ಸುವಾರ್ತಮ್ಮ ಬೈಲಿಲ್ಲ.
ರಟ್ಟಿ ಹಿಡಕೊಂಡು ಬೇವಿನ ಗಿಡದ ಕೆಳಗ ಒಯ್ದು,
"ಇಲ್ಲಿ ಹಾಕವ್ವಾ. ಹೊಗಿ ತಾನ ಒಳಗ ಬರತೈತಿ,
ಅದಕ್ಕ ದಾರಿ ಗೊತ್ತು" ಅಂದ್ಲು.

ಹೌದು, ಹೊಗಿಗೆ ದಾರಿ ಗೊತ್ತು.
ಮಂದಿಗೆ ಇದ್ದದ್ದು ಒಂದ ಹಿತ್ತಲ ಬಾಗಿಲು.
ಅದಕ್ಕ ಸರಪಳಿ.
ಕೀಲಿ ಮ್ಯಾನೇಜರ್ ಡ್ರಾದಾಗ,
ಡ್ರಾದ ಕೀಲಿ ಮ್ಯಾನೇಜರ್ ಕಿಸೆದಾಗ,
ಮ್ಯಾನೇಜರ್ ರಾತ್ರಿ ಲಿಂಗಸುಗೂರಾಗ.
ಯಾಕ್ರಿ ಅಂದ್ರ, ಚಾದರ ಕಳುವಾಗ್ತಾವಂತ.

ಮೇ ತಿಂಗಳ ಒಂದು ರಾತ್ರಿ, ಮೂರಕ್ಕ ಇಪ್ಪತ್ತು ಕಮ್ಮಿ,
ಮೀನಿನ ವಾಸನಿ ಬಂತು.
ದವಾಖಾನ್ಯಾಗ ಈ ಹೊತ್ತಿನಾಗ ಮೀನು ಯಾರು ಹುರೀತಾರ?
ಪ್ಲಗ್ಗು ಒಳಗಿಂದೊಳಗ ಬೇಯುವಾಗ
ಮೊದಲು ಹಂಗ ನಾರತೈತಿ.
ಗೋಡಿಗೆ ಅಂಗೈ ಇಟ್ಟೆ.
ಮೇ ತಿಂಗಳು ರಾಯಚೂರ ಗೋಡಿ
ಬೆಳಗಾಗುತನ ಬಿಸೀನ ಇರತೈತಿ.
ಬಿಸಿಲಿನ ಬಿಸಿ ಯಾವುದು, ಬೆಂಕಿ ಬಿಸಿ ಯಾವುದು?
ಬಿಸಿಲಿಂದು ಕಂಬಳಿ ಅಗಲ.
ಬೆಂಕಿದು ರೂಪಾಯಿ ಅಗಲ.
ಮೂರನೇ ವಾರ್ಮರ್ ಹಿಂದ, ಆ ರೂಪಾಯಿ ಸಿಕ್ಕಿತು.

ಮೇನ್ ಇಳಿಸಿದೆ. ಕತ್ತಲಾತು.
ರಾಡು ಹಾಕಿ ಸರಪಳಿ ಕೊಂಡಿ ಮುರದೆ.
ಏಳು ಕೂಸು; ಬಾಣಂತ್ಯಾರು ಹೊಲಿಗಿ ಹಿಡಕೊಂಡು ಓಡಿದರು.
ಬೇವಿನ ಗಿಡದ ಕೆಳಗ ಅಳು ಎಣಿಸಿದಿವಿ: ಆರು.
ಏಳನೇದು ಸುವಾರ್ತಮ್ಮನ ಮಡಿಲಾಗ,
ಆಕಿ ಗಾಳಿಚೀಲ ಒತ್ತಿದಂಗೆಲ್ಲಾ
ಎದಿ ಏಳತಿತ್ತು, ಇಳೀತಿತ್ತು.
ಆಂಬುಲೆನ್ಸ್ ಬರೂತನ ಒತ್ತಿದಳು.

ಉರೀಲಿಲ್ಲ. ಹಂಗಾಗಿ ಪೇಪರಿನಾಗ ಬರಲಿಲ್ಲ.
ಆ ಗದ್ದಲದಾಗ ಎರಡು ಚಾದರ ಹೋದವು ಖರೇ,
ನನ್ನ ಪಗಾರದಾಗ ಹಿಡದ್ರು.
ಹೊಸ ಸರಪಳಿ ಬಂತು.
ಕೀಲಿ ಮಾತ್ರ ಈಗ ಬಾಗಿಲ ಪಕ್ಕದ ಮೊಳಿಗೆ ಐತಿ.
ಜಗಳಾಡಿ ಅಷ್ಟು ಮಾಡಿಸಿದೆ.

ಮನ್ಯಾಗ ಒಗ್ಗರಣಿ ಸ್ವಲ್ಪ ಹೊತ್ತಿದ್ರ
ನಿದ್ದಿಯಿಂದ ಎದ್ದು ಗೋಡಿ ಮುಟ್ಟತೀನಿ.
ಹೆಂಡತಿ ನಗತಾಳ.
ಮೌಲಾಸಾಬನ ಬಲಗೈಗೆ
ಮೊಣಕೈತನಕ ಒಂದು ಕೂದಲಿರಲಿಲ್ಲ.
ಹುಟ್ಟಾ ಹಂಗ ಅಂತ ತಿಳಕೊಂಡಿದ್ದೆ.